ಗಡಿ ದಾಟುವ ಸರಕು ಸಾಗಣೆಗೆ ಪರ್ಯಾಯ ಪರ್ವತ ಮಾರ್ಗಗಳ ಯೋಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪರ್ಯಾಯ ಮಾರ್ಗ ಎಂದು ಯಾವುದನ್ನು ಕರೆಯಬೇಕು?

ಭೂಪಟದಲ್ಲಿ ಎರಡನೆಯ ಗೆರೆಯೊಂದು ಕಂಡ ಮಾತ್ರಕ್ಕೆ ಅದು ಪರ್ಯಾಯ ಮಾರ್ಗವಾಗುವುದಿಲ್ಲ. ಮುಖ್ಯ ಮಾರ್ಗ ಮುಚ್ಚಿದ ದಿನ ಅದೇ ಲಾರಿ, ಅದೇ ಸರಕನ್ನು ಹೊತ್ತು, ಕೈಯಲ್ಲಿರುವ ಕಾಗದಪತ್ರಗಳಿಂದಲೇ ಗಡಿ ದಾಟಿ, ಸರಕು ಕೆಡುವ ಮೊದಲು ಆಚೆಯ ಗೋದಾಮನ್ನು ತಲುಪುವಂತಿದ್ದರೆ ಮಾತ್ರ ಆ ದಾರಿಯನ್ನು ಪರ್ಯಾಯ ಎನ್ನಬಹುದು. ಇವುಗಳಲ್ಲಿ ಒಂದು ತಪ್ಪಿದರೂ ಅದು ಬರಿಯ ರಸ್ತೆ. ಈ ಪುಟದ ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಪರ್ಯಾಯ ಮಾರ್ಗವೆಂದರೆ ಮೊದಲೇ ಮಾಡಿಟ್ಟ ಸಿದ್ಧತೆ, ಡಾಂಬರು ಅದರ ಒಂದು ಭಾಗವಷ್ಟೇ.

ಈಗಿರುವ ಮಾರ್ಗ ಚೆನ್ನಾಗಿಯೇ ನಡೆಯುತ್ತಿದೆ. ವರ್ಷಕ್ಕೆ ನಾಲ್ಕು ದಿನ ಮುಚ್ಚಿದರೆ ಅಷ್ಟು ದೊಡ್ಡ ನಷ್ಟವೇ?

ಮುಚ್ಚಿದ ದಿನಗಳನ್ನು ಮಾತ್ರ ಎಣಿಸುವುದರಿಂದಲೇ ಈ ಪ್ರಶ್ನೆ ಹುಟ್ಟುತ್ತದೆ. ಒಂದು ಕಾಲ್ಪನಿಕ ಗಡಿಠಾಣೆಯನ್ನು ತೆಗೆದುಕೊಳ್ಳೋಣ. ದಿನಕ್ಕೆ 600 ಲಾರಿಗಳು ಬರುತ್ತವೆ, ಠಾಣೆಯು ಹೆಚ್ಚೆಂದರೆ 800 ಲಾರಿಗಳನ್ನು ದಾಟಿಸಬಲ್ಲದು. ಮಾರ್ಗ ಮೂರು ದಿನ ಮುಚ್ಚಿದರೆ 1,800 ಲಾರಿಗಳು ಸಾಲುಗಟ್ಟುತ್ತವೆ. ತೆರೆದ ಮೇಲೂ ಹೊಸದಾಗಿ 600 ಲಾರಿಗಳು ದಿನವೂ ಬರುತ್ತಲೇ ಇರುವುದರಿಂದ ಹಳೆಯ ಸಾಲಿನಿಂದ ದಿನಕ್ಕೆ 200 ಮಾತ್ರ ಕರಗುತ್ತವೆ. ಸಾಲು ಪೂರ್ತಿ ತೀರಲು ಇನ್ನೂ ಒಂಬತ್ತು ದಿನ ಬೇಕು. ಮೂರು ದಿನದ ಗುಡ್ಡ ಕುಸಿತ ಹನ್ನೆರಡು ದಿನದ ತೊಂದರೆಯಾಗಿ ಬೆಳೆಯುವುದು ಹೀಗೆ.

ಈಗ ದಿನಕ್ಕೆ ಕೇವಲ 200 ಲಾರಿಗಳನ್ನು ಸಾಗಿಸಬಲ್ಲ ಪರ್ಯಾಯ ಮಾರ್ಗವೊಂದಿದೆ ಎಂದುಕೊಳ್ಳಿ. ಮುಚ್ಚಿದ ಮೂರು ದಿನಗಳಲ್ಲಿ ಸಾಲು 1,200ಕ್ಕೆ ನಿಲ್ಲುತ್ತದೆ. ಮುಖ್ಯ ಮಾರ್ಗ ತೆರೆದ ಮೇಲೂ ಪರ್ಯಾಯವನ್ನು ನಡೆಸುತ್ತಲೇ ಇದ್ದರೆ ದಿನಕ್ಕೆ 400ರಂತೆ ಸಾಲು ಕರಗಿ, ಮೂರೇ ದಿನದಲ್ಲಿ ಎಲ್ಲ ತಿಳಿಯಾಗುತ್ತದೆ. ಮುಖ್ಯ ಮಾರ್ಗದ ನಾಲ್ಕನೇ ಒಂದು ಭಾಗದಷ್ಟೇ ಸಾಮರ್ಥ್ಯವಿರುವ ದಾರಿಯೊಂದು ಹನ್ನೆರಡು ದಿನದ ತೊಂದರೆಯನ್ನು ಆರಕ್ಕೆ ಇಳಿಸುತ್ತದೆ. ಮುಖ್ಯ ಮಾರ್ಗ ತೆರೆದ ಕೂಡಲೇ ಪರ್ಯಾಯವನ್ನು ಮುಚ್ಚಿಬಿಡುವುದು ಬಹಳ ಕಡೆ ಕಾಣುವ ತಪ್ಪು. ಸಾಲು ಕರಗುವವರೆಗೂ ಅದು ತೆರೆದಿರಬೇಕು.

ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಸರಕಿನಿಂದ. ಯಾವ ಸರಕು, ಎಷ್ಟು ಟನ್, ಯಾವ ತಿಂಗಳಲ್ಲಿ, ಎಷ್ಟು ದಿನ ತಡೆದುಕೊಳ್ಳಬಲ್ಲದು ಎಂಬ ಪಟ್ಟಿಯಿಲ್ಲದೆ ಮಾರ್ಗಗಳನ್ನು ಹೋಲಿಸುವುದು ವ್ಯರ್ಥ. ಸಿಮೆಂಟು ಎರಡು ವಾರ ಕಾಯಬಲ್ಲದು. ಹಣ್ಣು, ಲಸಿಕೆ ಮತ್ತು ಜೀವಂತ ಪ್ರಾಣಿಗಳು ಕಾಯಲಾರವು. ಕಾರ್ಖಾನೆಯ ಬಿಡಿಭಾಗಗಳು ಕೆಡುವುದಿಲ್ಲವಾದರೂ ಅವು ಬರದಿದ್ದರೆ ಕಾರ್ಖಾನೆಯೇ ನಿಲ್ಲುತ್ತದೆ. ಆದ್ದರಿಂದ ಎಲ್ಲ ಸರಕಿಗೂ ಒಂದೇ ಪರ್ಯಾಯ ಹುಡುಕಬೇಕಾಗಿಲ್ಲ. ತುರ್ತು ಸರಕಿಗೆ ಕಡಿದಾದರೂ ಹತ್ತಿರದ ದಾರಿ, ಭಾರವಾದ ಸರಕಿಗೆ ದೂರದ ರೈಲು ಅಥವಾ ಬಂದರು, ಉಳಿದದ್ದಕ್ಕೆ ಗಡಿಯ ಈಚೆಯಲ್ಲೇ ದಾಸ್ತಾನು ಎಂದು ಹಂಚುವುದು ಹೆಚ್ಚಾಗಿ ಅಗ್ಗವೂ ಸುರಕ್ಷಿತವೂ ಆಗುತ್ತದೆ.

ಎರಡು ಮಾರ್ಗಗಳು ನಿಜವಾಗಿಯೂ ಒಂದಕ್ಕೊಂದು ಸಂಬಂಧವಿಲ್ಲದವೇ ಎಂದು ತಿಳಿಯುವುದು ಹೇಗೆ?

ಇಡೀ ಯೋಜನೆಯ ಹೃದಯ ಈ ಪ್ರಶ್ನೆಯಲ್ಲಿದೆ. ಎರಡು ಮಾರ್ಗಗಳು ತಲಾ ವರ್ಷಕ್ಕೆ 20 ದಿನ ಮುಚ್ಚುತ್ತವೆ, ಮತ್ತು ಒಂದರ ಮುಚ್ಚುವಿಕೆಗೂ ಇನ್ನೊಂದರ ಮುಚ್ಚುವಿಕೆಗೂ ನಂಟಿಲ್ಲ ಎಂದಾದರೆ, ಎರಡೂ ಒಟ್ಟಿಗೆ ಮುಚ್ಚುವುದು ಸರಾಸರಿ ವರ್ಷಕ್ಕೆ ಒಂದು ದಿನ ಮಾತ್ರ. ಆದರೆ ಎರಡನ್ನೂ ಮುಚ್ಚಿಸುವುದು ಒಂದೇ ಹಿಮಗಾಳಿ ಅಥವಾ ಒಂದೇ ಮಳೆಯಾದರೆ ಆ ಒಂದು ದಿನ 20 ದಿನಗಳಾಗಬಹುದು. ಎರಡನೆಯ ಮಾರ್ಗಕ್ಕೆ ಸುರಿದ ಹಣದ ಫಲವೆಲ್ಲ ಈ ಅಂತರದಲ್ಲೇ ಅಡಗಿದೆ.

ನೇಪಾಳ ಮತ್ತು ಟಿಬೆಟ್ ನಡುವಿನ ಎರಡು ಗಡಿದಾರಿಗಳು ಇದನ್ನು ನೋವಿನಿಂದ ಕಲಿಸಿವೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ತಾತೋಪಾನಿ ಗಡಿದಾರಿ ಮುಚ್ಚಿತು. ಅದು ಮತ್ತೆ ತೆರೆದದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕು ವರ್ಷ ವ್ಯಾಪಾರದ ಭಾರವೆಲ್ಲ ಪಶ್ಚಿಮದ ರಸುವಾಗಢಿಯ ಮೇಲೆ ಬಿತ್ತು. ಆದರೆ ರಸುವಾಗಢಿಯೂ ಅದೇ ಭೂಕಂಪ ವಲಯದಲ್ಲಿದೆ, ಅದೂ ಹಿಮಾಲಯವನ್ನು ಸೀಳಿ ಇಳಿಯುವ ನದಿಯೊಂದರ ಇಕ್ಕಟ್ಟಾದ ಕಂದರದಲ್ಲೇ ಸಾಗುತ್ತದೆ. 2025ರ ಜುಲೈ 8ರ ಪ್ರವಾಹ ಅಲ್ಲಿನ ಗಡಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು. ಎರಡೂ ಕಡೆಯ ನದಿಯನ್ನು ಸ್ಥಳೀಯರು ಭೋಟೆಕೋಶಿ ಎಂದೇ ಕರೆಯುತ್ತಾರೆ. ಹೆಸರಿನ ಈ ಹೋಲಿಕೆ ಆಕಸ್ಮಿಕವಿರಬಹುದು, ಆದರೆ ಎರಡೂ ದಾರಿಗಳು ಎದುರಿಸುವ ಅಪಾಯದ ಹೋಲಿಕೆ ಆಕಸ್ಮಿಕವಲ್ಲ.

ಸಂಬಂಧವೇ ಇಲ್ಲದ ಮಾರ್ಗಗಳೂ ಒಮ್ಮೊಮ್ಮೆ ಒಟ್ಟಿಗೆ ಮುಗ್ಗರಿಸುತ್ತವೆ. 2023ರ ಆಗಸ್ಟ್ 10ರಂದು ಸ್ವಿಟ್ಜರ್ಲೆಂಡಿನ ಗೊಟ್ಥಾರ್ಡ್ ತಳ ಸುರಂಗದಲ್ಲಿ, ಅಂದರೆ ಬೆಟ್ಟದ ಬುಡದಲ್ಲೇ ಹಾಯುವ ರೈಲು ಸುರಂಗದಲ್ಲಿ, ಸರಕು ರೈಲೊಂದು ಹಳಿ ತಪ್ಪಿತು. ಹದಿನೇಳು ದಿನ ಕಳೆಯುವಷ್ಟರಲ್ಲಿ, ಆಗಸ್ಟ್ 27ರಂದು, ಫ್ರಾನ್ಸ್ ಮತ್ತು ಇಟಲಿಯನ್ನು ಜೋಡಿಸುವ ಮೋರಿಯೆನ್ ಕಣಿವೆಯ ರೈಲು ಮಾರ್ಗದ ಮೇಲೆ ಬಂಡೆಗಳು ಕುಸಿದವು. ಗೊಟ್ಥಾರ್ಡ್ ಪೂರ್ತಿಯಾಗಿ ತೆರೆದದ್ದು 2024ರ ಸೆಪ್ಟೆಂಬರ್ 2ರಂದು, ಮೋರಿಯೆನ್ ರೈಲು ಮಾರ್ಗ 2025ರ ಮಾರ್ಚ್ ಅಂತ್ಯದಲ್ಲಿ. 2023ರ ಶರತ್ಕಾಲದಲ್ಲಿ ದುರಸ್ತಿಗೆಂದು ಮುಚ್ಚಬೇಕಿದ್ದ, ಫ್ರಾನ್ಸ್ ಮತ್ತು ಇಟಲಿಯ ನಡುವಿನ ಮಾಂಟ್ ಬ್ಲಾಂಕ್ ರಸ್ತೆ ಸುರಂಗದ ಕೆಲಸವನ್ನು ಇದೇ ಕಾರಣಕ್ಕೆ ಮುಂದೂಡಬೇಕಾಯಿತು. ಒಂದು ಮಾರ್ಗದ ದುರಸ್ತಿಯ ದಿನಾಂಕವನ್ನು ಪಕ್ಕದ ಮಾರ್ಗದ ಸ್ಥಿತಿ ನೋಡಿಕೊಂಡೇ ನಿಗದಿ ಮಾಡಬೇಕು, ಆ ಪಕ್ಕದ ಮಾರ್ಗ ಬೇರೆ ದೇಶದಲ್ಲಿದ್ದರೂ ಸರಿಯೇ.

ಪರೀಕ್ಷಿಸುವ ಕ್ರಮ ಕಷ್ಟದ್ದಲ್ಲ. ಎರಡೂ ಮಾರ್ಗಗಳನ್ನು ಆರಂಭದಿಂದ ಕೊನೆಯವರೆಗೆ ಬಿಡಿಸಿ, ಅವು ಹಂಚಿಕೊಳ್ಳುವ ಸೇತುವೆ, ನದಿ, ವಿದ್ಯುತ್ ಮಾರ್ಗ, ಇಂಧನ ಸರಬರಾಜು, ಗಡಿಠಾಣೆ, ಭೂಕಂಪದ ಬಿರುಕು, ಹಿಮನದಿ ಸರೋವರ ಇವುಗಳನ್ನು ಗುರುತಿಸಬೇಕು. ಗಡಿ ತಲುಪುವ ಕೊನೆಯ 30 ಕಿ.ಮೀ.ಗಳಲ್ಲಿ ಎರಡೂ ಒಂದೇ ರಸ್ತೆಗೆ ಬಂದು ಸೇರುತ್ತವೆ ಎಂಬುದು ಎಷ್ಟೋ ಸಲ ಆಗಲೇ ಹೊರಬೀಳುವುದು.

ಹೆಚ್ಚು ತಗ್ಗಿನಲ್ಲಿರುವ ಕಣಿವೆಮಾರ್ಗವನ್ನು ಆರಿಸಿಕೊಂಡರೆ ಸಾಲದೇ?

ಎತ್ತರವೊಂದೇ ಅಳತೆಗೋಲಲ್ಲ. ಚಿಲಿ ಮತ್ತು ಅರ್ಜೆಂಟೀನಾ ನಡುವಿನ ಮುಖ್ಯ ಸರಕು ಮಾರ್ಗ ಸುಮಾರು 3,200 ಮೀಟರ್ ಎತ್ತರದಲ್ಲಿರುವ ಕ್ರಿಸ್ಟೋ ರೆಡೆಂಟೋರ್ ಸುರಂಗದ ಮೂಲಕ ಹೋಗುತ್ತದೆ, ಚಳಿಗಾಲದಲ್ಲಿ ಹಿಮದಿಂದ ಆಗಾಗ ಮುಚ್ಚುತ್ತದೆ. ದಕ್ಷಿಣಕ್ಕೆ 2,553 ಮೀಟರ್ ಎತ್ತರದ ಪೆವೆಂಚೆ ಕಣಿವೆಮಾರ್ಗ ಇದೆ, ಎತ್ತರ ಕಡಿಮೆಯೆಂದು ಆಸೆ ಹುಟ್ಟಿಸುತ್ತದೆ. ಆದರೆ ದಕ್ಷಿಣಕ್ಕೆ ಹೋದಂತೆಲ್ಲ ಪೆಸಿಫಿಕ್ ಸಾಗರದ ತೇವದ ಗಾಳಿ ಹೆಚ್ಚು ಹಿಮ ತರುವುದರಿಂದ ಅದೂ ಚಳಿಗಾಲದಲ್ಲಿ ನೆಚ್ಚುವಂತಿಲ್ಲ. ಉತ್ತರದ ಹಾಮಾ ಕಣಿವೆಮಾರ್ಗ ಸುಮಾರು 4,200 ಮೀಟರ್ ಎತ್ತರದಲ್ಲಿದ್ದರೂ ಅಟಕಾಮಾ ಮರುಭೂಮಿಯ ಒಣ ಹವೆಯ ನೆರೆಯಲ್ಲಿರುವುದರಿಂದ ಅದರ ಸ್ವಭಾವವೇ ಬೇರೆ. ಹಿಮ ಎಷ್ಟು ಬೀಳುತ್ತದೆ, ಗಾಳಿ ಅದನ್ನು ಎಲ್ಲಿ ಗುಡ್ಡೆ ಹಾಕುತ್ತದೆ, ರಸ್ತೆಯ ಮೇಲಿನ ಇಳಿಜಾರು ಹಿಮಕುಸಿತ ಹೆಚ್ಚಾಗಿ ಹುಟ್ಟುವ 30ರಿಂದ 45 ಡಿಗ್ರಿಯ ಒಳಗಿದೆಯೇ ಎಂಬ ವಿವರಗಳು ಎತ್ತರದ ಅಂಕಿಗಿಂತ ಹೆಚ್ಚಿನದನ್ನು ಹೇಳುತ್ತವೆ.

ಏರು, ಇಳಿಜಾರು ಮತ್ತು ಎತ್ತರ ಲಾರಿಯ ಮೇಲೆ ಮಾಡುವ ಪರಿಣಾಮವನ್ನು ಯೋಜನೆಯಲ್ಲಿ ಹೇಗೆ ಲೆಕ್ಕ ಹಿಡಿಯಬೇಕು?

ಏರಿನಿಂದ ಆರಂಭಿಸೋಣ. ಸಮತಟ್ಟಾದ ರಸ್ತೆಯಲ್ಲಿ 40 ಟನ್‌ನ ಲಾರಿಯನ್ನು ನಿಧಾನವಾಗಿ ಉರುಳಿಸಿಕೊಂಡು ಹೋಗಲು ಸುಮಾರು 300 ಕೆ.ಜಿ. ತೂಕಕ್ಕೆ ಸಮನಾದ ಎಳೆತ ಸಾಕು. ಅದೇ ಲಾರಿ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಗೆ ಬಂದಾಗ ಇದರ ಮೇಲೆ ಇನ್ನೂ 2,400 ಕೆ.ಜಿ.ಯಷ್ಟು ಎಳೆತ ಬೇಕಾಗುತ್ತದೆ. ಹಾಗಾಗಿ ವೇಗ ಬೀಳುತ್ತದೆ, ಹಿಂದೆ ಸಾಲು ಬೆಳೆಯುತ್ತದೆ, ಒಂದೇ ಒಂದು ಕೆಟ್ಟುನಿಂತ ಲಾರಿ ಇಡೀ ಮಾರ್ಗವನ್ನು ಕಟ್ಟಿಹಾಕುತ್ತದೆ. ದಾಟಿಹೋಗಲು ಹೆಚ್ಚುವರಿ ಪಥವನ್ನು ರಸ್ತೆಯುದ್ದಕ್ಕೂ ಕೊಡಲಾಗದಿದ್ದರೆ ಕಡಿದಾದ ಏರುಗಳಲ್ಲಾದರೂ ಕೊಡಬೇಕು.

ಇಳಿಜಾರು ಏರಿಗಿಂತ ಅಪಾಯಕಾರಿ. 40 ಟನ್‌ನ ಲಾರಿ 1,000 ಮೀಟರ್ ಕೆಳಗಿಳಿದಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 109 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಕಿಲೋವ್ಯಾಟ್‌ನ 109 ಹೀಟರುಗಳನ್ನು ಒಂದು ಗಂಟೆ ಉರಿಸಿದಷ್ಟು ಶಾಖ ಅದು. ಚಾಲಕ ಕಾಲಿನ ಬ್ರೇಕನ್ನೇ ನೆಚ್ಚಿದರೆ ಈ ಶಾಖದ ಬಹುಪಾಲು ಬ್ರೇಕ್ ಡ್ರಮ್ಮುಗಳಿಗೇ ಇಳಿಯುತ್ತದೆ: ಮೊದಲು ಸುಟ್ಟ ವಾಸನೆ, ಆಮೇಲೆ ಚಕ್ರದ ಸುತ್ತ ತೆಳುವಾದ ಹೊಗೆ, ಕೊನೆಗೆ ಪೆಡಲನ್ನು ಎಷ್ಟು ಒತ್ತಿದರೂ ಹಿಡಿಯದ ಬ್ರೇಕು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಚಾಲಕರು ಹೇಳುವ ಮಾತಿನ ಹಿಂದೆ ಇರುವುದು ಇದೇ ಲೆಕ್ಕ. ಪರ್ಯಾಯ ಮಾರ್ಗಕ್ಕೆ ಬರುವವರಲ್ಲಿ ಬಹಳ ಮಂದಿ ಆ ಇಳಿಜಾರನ್ನು ಮೊದಲ ಬಾರಿ ನೋಡುವವರು ಎಂಬುದನ್ನು ಮರೆಯಬಾರದು. ಇಳಿಯುವ ಮೊದಲು ಬ್ರೇಕ್ ತಪಾಸಣೆಗೆ ಕಡ್ಡಾಯ ತಂಗುದಾಣ ಮತ್ತು ಇಳಿಜಾರಿನ ನಡುವೆ ಜಲ್ಲಿ ತುಂಬಿದ ತುರ್ತು ಏರುದಾರಿ ಇಲ್ಲದ ರಸ್ತೆಗೆ ಭಾರಿ ಲಾರಿಗಳನ್ನು ತಿರುಗಿಸುವುದು, ನನ್ನ ದೃಷ್ಟಿಯಲ್ಲಿ, ಯೋಜನೆಯಲ್ಲ, ಜೀವಗಳ ಜೊತೆ ಜೂಜು.

ಎತ್ತರದ ಪರಿಣಾಮ ಕಣ್ಣಿಗೆ ಕಾಣುವುದಿಲ್ಲ. ಚೀನಾ ಮತ್ತು ಪಾಕಿಸ್ತಾನದ ನಡುವಿನ ಖುಂಜರಾಬ್ ಕಣಿವೆಮಾರ್ಗ 4,693 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಎಂಜಿನ್ನಿನ ಬಲ ಕುಗ್ಗುತ್ತದೆ, ಚಳಿಗೆ ಸಾಮಾನ್ಯ ಡೀಸೆಲ್ ಮೇಣಗಟ್ಟುತ್ತದೆ, ಗಾಳಿ ತುಂಬಿ ಮುಚ್ಚಿದ ಪೊಟ್ಟಣಗಳು ಉಬ್ಬಿ ಒಡೆಯುತ್ತವೆ. ಮೈದಾನದಿಂದ ಒಂದೇ ದಿನದಲ್ಲಿ ಮೇಲೇರಿದ ಚಾಲಕನಿಗೆ ತಲೆನೋವು, ವಾಂತಿ, ಮಂಕು ಕವಿಯಬಹುದು. ಅಂಥವನು ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿಯಬಾರದು.

ರಸ್ತೆಯ ಸಮೀಕ್ಷೆಯಲ್ಲಿ ಏನನ್ನು ನೋಡಬೇಕು?

ಅತ್ಯಂತ ದುರ್ಬಲ ಸೇತುವೆ ಮತ್ತು ಅತ್ಯಂತ ಬಿಗಿಯಾದ ತಿರುವು, ಈ ಎರಡು ಇಡೀ ಮಾರ್ಗದ ಅಳತೆಯನ್ನು ತೀರ್ಮಾನಿಸುತ್ತವೆ. 200 ಕಿ.ಮೀ. ಉದ್ದದ ಅಗಲವಾದ ರಸ್ತೆಯ ನಡುವೆ 18 ಟನ್‌ನ ಮಿತಿಯಿರುವ ಒಂದು ಬೈಲಿ ಸೇತುವೆ (ಉಕ್ಕಿನ ಬಿಡಿ ಚೌಕಟ್ಟುಗಳನ್ನು ಜೋಡಿಸಿ ಕಟ್ಟಿದ್ದು) ಇದ್ದರೆ ಅದು 18 ಟನ್‌ನ ಮಾರ್ಗವೇ.

ಹೇರ್‌ಪಿನ್ ತಿರುವನ್ನು ಅಳೆಯುವ ಕೆಲಸವನ್ನು ಕಚೇರಿಯಲ್ಲಿ ಕೂತು ಮಾಡಲಾಗದು. ತಿರುವಿನ ಒಳಅಂಚಿನಲ್ಲಿ ನಿಂತು, ಉದ್ದನೆಯ ಟ್ರೇಲರೊಂದು ನಿಧಾನವಾಗಿ ತಿರುಗುವುದನ್ನು ನೋಡಬೇಕು. ಮುಂದಿನ ಚಕ್ರಗಳು ಹೊರಅಂಚಿನ ತಡೆಗೋಡೆಯನ್ನು ಸವರಿಕೊಂಡು ಹೋಗುತ್ತಿರುವಾಗಲೇ ಹಿಂದಿನ ಚಕ್ರಗಳು ಒಳಗಿನ ಚರಂಡಿಯ ಕಡೆಗೆ ಎಳೆದುಕೊಳ್ಳುತ್ತವೆ. ಆ ಕ್ಷಣದಲ್ಲಿ ಲಾರಿ ರಸ್ತೆಯ ಪೂರ್ತಿ ಅಗಲವನ್ನೂ ಆಕ್ರಮಿಸಿರುತ್ತದೆ, ಎದುರಿನಿಂದ ಬಂದ ವಾಹನಕ್ಕೆ ಜಾಗವೇ ಇರುವುದಿಲ್ಲ. ಚರಂಡಿಯ ಕಲ್ಲಿನ ಮೇಲೆ ಟೈರಿನ ಕಪ್ಪು ಗೆರೆಗಳಿದ್ದರೆ, ತಡೆಗೋಡೆಯ ಬಣ್ಣ ಒಂದೇ ಎತ್ತರದಲ್ಲಿ ಕಿತ್ತುಹೋಗಿದ್ದರೆ, ಆ ತಿರುವು ಈಗಾಗಲೇ ತನ್ನ ಮಿತಿಯಲ್ಲಿದೆ ಎಂದು ತಿಳಿಯಬೇಕು. ಇಂಥ ತಿರುವುಗಳು ಹತ್ತಿದ್ದರೆ ಎದುರುಬದುರು ಸಂಚಾರ ಬಿಟ್ಟು, ಒಂದು ಹೊತ್ತು ಹತ್ತುವವರಿಗೆ, ಒಂದು ಹೊತ್ತು ಇಳಿಯುವವರಿಗೆ ಎಂದು ಸಮಯ ಹಂಚುವುದೇ ಲೇಸು. ಆಗ ಮಾರ್ಗದ ದೈನಿಕ ಸಾಮರ್ಥ್ಯ ಬಹಳಷ್ಟು ಇಳಿಯುತ್ತದೆ, ಅದನ್ನು ಮೊದಲ ಕರಡಿನಲ್ಲೇ ಒಪ್ಪಿಕೊಂಡಿರಬೇಕು.

ಕೈಗೆ ಸಿಕ್ಕ ಎಲ್ಲ ಬೇಸಿಗೆಯ ಫೋಟೋಗಳನ್ನು ಬದಿಗಿಟ್ಟು, ಮಳೆಗಾಲದ ಕೊನೆಯಲ್ಲಿ ಮತ್ತು ಹಿಮ ಕರಗುವ ಹೊತ್ತಿನಲ್ಲಿ ಮತ್ತೆರಡು ಸಲ ಹೋಗಿ ನೋಡಬೇಕು.

ಸುರಂಗ ತೋಡಿದರೆ ಎಲ್ಲ ಸಮಸ್ಯೆಗಳೂ ತೀರುವುದಿಲ್ಲವೇ?

ಸುರಂಗ ಹಿಮವನ್ನು ಗೆಲ್ಲುತ್ತದೆ, ಆದರೆ ಸುರಂಗದ ಬಾಯಿಗೆ ತಲುಪುವ ರಸ್ತೆ ಇದ್ದಲ್ಲೇ ಇರುತ್ತದೆ. ಜಾರ್ಜಿಯಾದಿಂದ ರಷ್ಯಾಕ್ಕೆ ಹೋಗುವ ಹಳೆಯ ಸೇನಾ ರಸ್ತೆಯನ್ನು ನೋಡಿ. ಅರ್ಮೇನಿಯಾದ ಭೂಮಾರ್ಗದ ಸರಕಿಗೂ ಆ ರಸ್ತೆಯಲ್ಲಿರುವ ಲಾರ್ಸಿ ಗಡಿಠಾಣೆಯೇ ಜೀವನಾಡಿ. ಸುಮಾರು 2,400 ಮೀಟರ್ ಎತ್ತರದ ಜ್ವಾರಿ ಕಣಿವೆಮಾರ್ಗದ ಹಿಮಕುಸಿತಗಳನ್ನು ತಪ್ಪಿಸಲು ಕ್ವೆಶೇತಿ ಮತ್ತು ಕೋಬಿ ನಡುವೆ 9 ಕಿ.ಮೀ. ಸುರಂಗವನ್ನು ಕೊರೆಯಲಾಗಿದೆ. ಅದು ದೊಡ್ಡ ಕೆಲಸ, ಅಗತ್ಯದ ಕೆಲಸವೂ ಹೌದು. ಆದರೆ ಕೋಬಿಯಿಂದ ಉತ್ತರಕ್ಕೆ ಗಡಿಯ ತನಕ ಅದೇ ದಾರಿಯಾಲ್ ಕಂದರವಿದೆ. 2014ರ ಮೇ 17ರಂದು ದೇವ್ದೊರಾಕಿ ಹಿಮನದಿಯ ಕಡೆಯಿಂದ ಇಳಿದ ಬಂಡೆ ಮತ್ತು ಕೆಸರಿನ ರಾಶಿ ರಸ್ತೆಯನ್ನೂ ನದಿಯನ್ನೂ ಕಟ್ಟಿಹಾಕಿದ್ದು ಆ ಕಂದರದಲ್ಲೇ. ಒಂದು ಅಡಚಣೆ ತೆಗೆದಾಗ ಮುಂದಿನದು ಮುಖ್ಯವಾಗುತ್ತದೆ.

ಇನ್ನು ಬೆಂಕಿ. 1999ರ ಮಾರ್ಚ್ 24ರಂದು 11.6 ಕಿ.ಮೀ. ಉದ್ದದ ಮಾಂಟ್ ಬ್ಲಾಂಕ್ ಸುರಂಗದೊಳಗೆ ಲಾರಿಯೊಂದಕ್ಕೆ ಹತ್ತಿದ ಬೆಂಕಿಯಲ್ಲಿ 39 ಮಂದಿ ಸತ್ತರು, ಸುರಂಗ ಮೂರು ವರ್ಷ ಮುಚ್ಚಿತು. 2001ರ ಅಕ್ಟೋಬರಿನಲ್ಲಿ ಗೊಟ್ಥಾರ್ಡ್ ರಸ್ತೆ ಸುರಂಗದಲ್ಲೂ ಬೆಂಕಿ ಬಿದ್ದು 11 ಮಂದಿ ತೀರಿಕೊಂಡರು. ಇಂಥ ದುರಂತಗಳ ನಂತರ 2004ರಲ್ಲಿ ಯುರೋಪಿಯನ್ ಒಕ್ಕೂಟ ಸುರಂಗಗಳ ಸುರಕ್ಷತೆಗೆ ಕನಿಷ್ಠ ನಿಯಮಗಳನ್ನು ತಂದಿತು. ಅಪಾಯಕಾರಿ ಸರಕಿನ ಸಾಗಣೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವು ಸುರಂಗಗಳನ್ನು ಎ ಇಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸುತ್ತದೆ. ಎ ವರ್ಗದಲ್ಲಿ ನಿರ್ಬಂಧವಿಲ್ಲ, ಇ ವರ್ಗದಲ್ಲಿ ಅತಿ ಹೆಚ್ಚು. ಹಾಗಾಗಿ ರಾಸಾಯನಿಕ, ಅನಿಲ ಮತ್ತು ಇಂಧನದ ಟ್ಯಾಂಕರುಗಳಿಗೆ ಪರ್ಯಾಯ ಮಾರ್ಗದ ಸುರಂಗ ತೆರೆದಿದ್ದರೂ ಮುಚ್ಚಿದಂತೆಯೇ ಇರಬಹುದು. ಅವುಗಳಿಗೆ ಬೇರೆಯದೇ ದಾರಿಯನ್ನು ಗುರುತಿಸಿಡಬೇಕು.

ರೈಲು ಮಾರ್ಗಕ್ಕೆ ಬದಲಾಯಿಸುವುದು ಎಷ್ಟು ಸುಲಭ?

ಹೊರನೋಟಕ್ಕೆ ಸುಲಭ. ಗೊಟ್ಥಾರ್ಡ್ ತಳ ಸುರಂಗದಲ್ಲಿ ರೈಲು ಹಳಿ ತಪ್ಪಿದಾಗ 1882ರ ಹಳೆಯ ಬೆಟ್ಟದ ಮಾರ್ಗ ಮೇಲೆ ಇದ್ದೇ ಇತ್ತು, ಪ್ರಯಾಣಿಕರ ರೈಲುಗಳು ಅದರಲ್ಲೇ ಓಡಿದವು. ಆದರೆ ನಾಲ್ಕು ಮೀಟರ್ ಎತ್ತರದ ಅರೆಟ್ರೇಲರುಗಳನ್ನು ಹೊತ್ತ ಸರಕು ರೈಲುಗಳು ಹಳೆಯ ಮಾರ್ಗದ ಸುರಂಗಗಳಲ್ಲಿ ಹಿಡಿಸುವುದಿಲ್ಲ, ಅಲ್ಲಿನ ಏರು ಸಾವಿರಕ್ಕೆ 26ರಷ್ಟಿರುವುದರಿಂದ ಹೆಚ್ಚುವರಿ ಎಂಜಿನ್ನೂ ಬೇಕು.

ಇನ್ನೊಂದು ಪಾಠ 2017ರದು. ರೋಟರ್‌ಡ್ಯಾಮಿನಿಂದ ಆಲ್ಪ್ಸ್ ದಾಟಿ ಜಿನೋವಾಕ್ಕೆ ಹೋಗುವ ಕಾರಿಡಾರಿನಲ್ಲಿ, ಜರ್ಮನಿಯ ರಾಸ್ಟಾಟ್ ಬಳಿ ಸುರಂಗ ಕೊರೆಯುತ್ತಿದ್ದಾಗ ಮೇಲಿನ ಹಳಿಗಳು ಕುಸಿದು, ಆಗಸ್ಟ್ 12ರಿಂದ ಅಕ್ಟೋಬರ್ 2ರವರೆಗೆ ಮಾರ್ಗ ಮುಚ್ಚಿತು. ಫ್ರಾನ್ಸಿನ ಮೂಲಕ ಸುತ್ತಿ ಹೋಗಲು ಹಳಿಗಳಿದ್ದವು. ಆದರೆ ಅಲ್ಲಿ ರೈಲು ನಡೆಸಲು ಫ್ರೆಂಚ್ ಭಾಷೆ ಬಲ್ಲ, ಆ ಹಳಿಯ ಪರಿಚಯವಿದ್ದ ಚಾಲಕರು ಬೇಕಾದಷ್ಟಿರಲಿಲ್ಲ. ಹಳಿ ಇದ್ದೂ ರೈಲು ನಿಂತಿತು.

ಹಳಿಯ ಅಗಲವೂ ಗಡಿಗಳಲ್ಲಿ ಬದಲಾಗುತ್ತದೆ. ಚೀನಾದ 1,435 ಮಿ.ಮೀ. ಹಳಿಯಿಂದ ಮಧ್ಯ ಏಷ್ಯಾದ 1,520 ಮಿ.ಮೀ. ಹಳಿಗೆ ಹೋಗುವಾಗ ಕಂಟೈನರುಗಳನ್ನು ಎತ್ತಿ ಇನ್ನೊಂದು ರೈಲಿಗೆ ಇಡಬೇಕು, ಇಲ್ಲವೇ ಬೋಗಿಗಳ ಚಕ್ರಗಳನ್ನೇ ಬದಲಿಸಬೇಕು. ಅಲ್ಲಿ ಮಾರ್ಗದ ಸಾಮರ್ಥ್ಯವನ್ನು ನಿರ್ಧರಿಸುವುದು ಅಂಗಳದಲ್ಲಿರುವ ಕ್ರೇನುಗಳ ಸಂಖ್ಯೆ.

ಗಡಿಯ ಕಾಗದಪತ್ರಗಳ ವಿಷಯದಲ್ಲಿ ಯಾವ ಸಿದ್ಧತೆ ಬೇಕು?

ಬಂಡೆ ತೆರವಾಗಲು ಕಾಯುವುದಕ್ಕಿಂತ ಹೆಚ್ಚು ಹೊತ್ತು ಲಾರಿಗಳು ಎಷ್ಟೋ ಸಲ ಕಾಗದಕ್ಕಾಗಿ ಕಾಯುತ್ತವೆ. ಪರವಾನಗಿಯಲ್ಲಿ ಒಂದೇ ಗಡಿಠಾಣೆಯ ಹೆಸರು ನಮೂದಾಗಿದ್ದರೆ, 100 ಕಿ.ಮೀ. ದೂರದ ಇನ್ನೊಂದು ಠಾಣೆಯಲ್ಲಿ ಅದೇ ಲಾರಿಯನ್ನು ಒಳಬಿಡಲು ಅಧಿಕಾರಿಗೆ ಅಧಿಕಾರವೇ ಇರುವುದಿಲ್ಲ. ಆ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ, ತಪ್ಪು ಇರುವುದು ಪರವಾನಗಿಯ ನಮೂನೆಯಲ್ಲಿ. ಒಂದಕ್ಕಿಂತ ಹೆಚ್ಚು ಠಾಣೆಗಳಿಗೆ ಅನ್ವಯಿಸುವ ಪರವಾನಗಿ, ಎರಡೂ ಕಡೆ ಒಪ್ಪುವ ಲಾರಿ ವಿಮೆ, ಸಸ್ಯ ಮತ್ತು ಪ್ರಾಣಿ ತಪಾಸಣೆಯ ಪ್ರಯೋಗಾಲಯ, ಲಾರಿ ತೂಗುವ ವೇಬ್ರಿಡ್ಜ್ ಇವೆಲ್ಲ ಪರ್ಯಾಯ ಠಾಣೆಯಲ್ಲಿ ಇವೆಯೇ ಎಂದು ಎರಡೂ ದೇಶಗಳು ಕೂತು ಮೊದಲೇ ಪರಿಶೀಲಿಸಬೇಕು. ಒಂದು ಕಡೆಯ ಠಾಣೆ 24 ಗಂಟೆ ತೆರೆದಿದ್ದು, ಎದುರಿನದು ಸಂಜೆ ಐದಕ್ಕೆ ಮುಚ್ಚುವುದಾದರೆ ಆ ಮಾರ್ಗ ತೆರೆದಿರುವುದು ಸಂಜೆ ಐದರವರೆಗೆ ಮಾತ್ರ.

1975ರ ಟಿಐಆರ್ ಒಪ್ಪಂದ ಇಲ್ಲಿ ಬಹಳ ನೆರವಿಗೆ ಬರುತ್ತದೆ. ಹೊರಡುವ ಊರಿನಲ್ಲೇ ಕಸ್ಟಮ್ಸ್ ಅಧಿಕಾರಿಗಳು ಮೊಹರು ಹಾಕಿದ ಲಾರಿಯು, ಸುಂಕಕ್ಕೆ ಅಂತರರಾಷ್ಟ್ರೀಯ ಖಾತರಿ ಇರುವುದರಿಂದ, ನಡುವಿನ ದೇಶಗಳಲ್ಲಿ ಸಾಮಾನ್ಯವಾಗಿ ಸರಕು ಬಿಚ್ಚದೆ ಮುಂದೆ ಸಾಗಬಹುದು. ಚೀನಾ 2016ರಲ್ಲಿ, ಭಾರತ 2017ರಲ್ಲಿ ಇದನ್ನು ಸೇರಿದವು. ಆದರೆ ಒಪ್ಪಂದಕ್ಕೆ ದೇಶ ಸೇರಿದೆ ಎಂದರೆ ಅದರ ಪ್ರತಿಯೊಂದು ಗಡಿಠಾಣೆಯೂ ಸಿದ್ಧವಿದೆ ಎಂದು ಅರ್ಥವಲ್ಲ; ಪರ್ಯಾಯ ಠಾಣೆಯ ಹೆಸರು ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಒಂದು ದೇಶದ ನಿಯಮ ಇನ್ನೊಂದು ದೇಶದ ಮಾರ್ಗವನ್ನು ತುಂಬಿಸಬಹುದೇ?

ಖಂಡಿತ. ಸ್ವಿಟ್ಜರ್ಲೆಂಡ್ 2001ರ ತನಕ 28 ಟನ್‌ಗಿಂತ ಭಾರದ ಲಾರಿಗಳನ್ನು ಬಿಡುತ್ತಿರಲಿಲ್ಲ. 40 ಟನ್‌ನ ಲಾರಿಗಳು ಸುತ್ತು ಹಾದಿಯಾದರೂ ಆಸ್ಟ್ರಿಯಾದ ಬ್ರೆನ್ನರ್ ಕಣಿವೆಮಾರ್ಗ ಮತ್ತು ಫ್ರಾನ್ಸಿನ ಸುರಂಗಗಳ ಮೂಲಕ ಹೋಗುತ್ತಿದ್ದವು. 2001ರಲ್ಲಿ ಮಿತಿ 34 ಟನ್‌ಗೆ, 2005ರಲ್ಲಿ 40 ಟನ್‌ಗೆ ಏರಿತು, ಜೊತೆಗೇ ದೂರ ಮತ್ತು ತೂಕಕ್ಕೆ ತಕ್ಕ ಶುಲ್ಕವೂ ಬಂತು. ಬ್ರೆನ್ನರ್ ಮೇಲಿನ ಒತ್ತಡ ಇಂದಿಗೂ ಇಳಿದಿಲ್ಲ. ಆ ಹೆದ್ದಾರಿಯ ಹಳೆಯ ಲೂಯೆಗ್ ಸೇತುವೆಯ ಮೇಲೆ 2025ರ ಜನವರಿಯಿಂದ ಅನೇಕ ದಿನಗಳಲ್ಲಿ ಒಂದೊಂದು ದಿಕ್ಕಿಗೆ ಒಂದೇ ಪಥ. ಪಕ್ಕದ ದೇಶದ ತೂಕದ ಮಿತಿ, ರಾತ್ರಿ ಸಂಚಾರ ನಿಷೇಧ ಮತ್ತು ಟೋಲ್ ದರಗಳನ್ನು ಓದದೆ ಮಾಡಿದ ಸಂಚಾರದ ಅಂದಾಜಿಗೆ ಬೆಲೆಯಿಲ್ಲ.

ಖರ್ಚನ್ನು ಯಾರು ಹೊರಬೇಕು?

ಎರಡೂ ದೇಶಗಳು ತಮ್ಮ ನೆಲದ ಉದ್ದಕ್ಕೆ ತಕ್ಕಂತೆ ಹಂಚಿಕೊಳ್ಳುವುದು ರೂಢಿ. ಆದರೆ ಅದು ನ್ಯಾಯವಲ್ಲ: ಎತ್ತರದ, ಕಷ್ಟದ ಭಾಗ ಹೆಚ್ಚಾಗಿ ಬಡ ದೇಶದ ಪಾಲಿಗೆ ಬರುತ್ತದೆ, ಲಾಭದ ದೊಡ್ಡ ಪಾಲು ಬಂದರು ಮತ್ತು ಕಾರ್ಖಾನೆಗಳಿರುವ ದೇಶಕ್ಕೆ ಹೋಗುತ್ತದೆ. ಸರಕಿನ ಟನ್‌ಗಳಿಗೆ ಅನುಗುಣವಾಗಿ ಹಂಚುವ ಒಪ್ಪಂದ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ನಿರ್ಮಾಣಕ್ಕಿಂತ ನಿರ್ವಹಣೆಯ ಹಣವನ್ನು ಮೊದಲು ಬರೆದಿಡಬೇಕು. ಹಿಮ ಸರಿಸುವ ಯಂತ್ರ, ಬಂಡೆ ತೆಗೆಯುವ ತಂಡ, ಸೇತುವೆಯ ಬಿಡಿಭಾಗಗಳ ದಾಸ್ತಾನು ಇವು ರಸ್ತೆ ಉಪಯೋಗದಲ್ಲಿಲ್ಲದ ವರ್ಷವೂ ಬೇಕು.

ಚಾಲಕರಿಗಾಗಿ ಏನು ಮಾಡಬೇಕು?

ಮುಚ್ಚಿದ ಮಾರ್ಗದ ಭಾರವನ್ನು ಮೊದಲು ಹೊರುವವರು ಅವರೇ. ಹಿಮದ ನಡುವೆ ಸಾಲಿನಲ್ಲಿ ನಿಂತ ಲಾರಿಯೊಳಗೆ ಚಾಲಕನಿಗೆ ಎರಡೇ ಆಯ್ಕೆ: ಎಂಜಿನ್ ನಡೆಸಿ ಬೆಚ್ಚಗಿರುವುದು, ಇಲ್ಲವೇ ಇಳಿಜಾರಿಗೆ ಡೀಸೆಲ್ ಉಳಿಸಿಕೊಂಡು ನಡುಗುವುದು. ಸಾಲು ಬೆಳೆಯಬೇಕಾದದ್ದು ಬೆಟ್ಟದ ಮೇಲಲ್ಲ, ತಪ್ಪಲಿನಲ್ಲಿ. ಅಲ್ಲಿ ಬಿಸಿ ಊಟ, ಶೌಚಾಲಯ, ವೈದ್ಯರು, ಮಲಗಲು ಜಾಗ ಇರುವ ತಂಗುದಾಣ ಕಟ್ಟಿ, ಮೇಲಿನ ದಾರಿ ತೆರೆದಿದೆ ಎಂಬ ಖಚಿತ ಸುದ್ದಿ ಬಂದ ಮೇಲೆ ಗುಂಪುಗುಂಪಾಗಿ ಬಿಡಬೇಕು. ಆ ಸುದ್ದಿ ಚಾಲಕರು ಆಡುವ ಭಾಷೆಯಲ್ಲೇ ಅವರ ಫೋನಿಗೆ ಬರಬೇಕು.

ದಾರಿಯುದ್ದಕ್ಕೂ ಇರುವ ಹಳ್ಳಿಗಳ ಅಭಿಪ್ರಾಯ ಕೇಳುವುದು ಕಡ್ಡಾಯವೇ?

ಕಾನೂನು ಕೇಳದಿದ್ದರೂ ಕೇಳಬೇಕು. ದಿನಕ್ಕೆ 20 ವಾಹನ ಕಂಡ ಹಳ್ಳಿಯ ನಡುವೆ ಇದ್ದಕ್ಕಿದ್ದಂತೆ 200 ಲಾರಿಗಳು ಹಾಯ್ದರೆ ಶಾಲೆಗೆ ಹೋಗುವ ಮಕ್ಕಳು, ಮೇಯಲು ಹೋಗುವ ದನಕುರಿಗಳು, ಕುಡಿಯುವ ನೀರಿನ ತೊರೆ ಎಲ್ಲವೂ ಅಪಾಯಕ್ಕೊಳಗಾಗುತ್ತವೆ. ಇದರ ಜೊತೆಗೆ, ಯಾವ ಗುಡ್ಡ ಯಾವ ವರ್ಷ ಜಾರಿತು, ಹಿಮ ಎಲ್ಲಿ ಕುಸಿಯುತ್ತದೆ ಎಂಬ ನೆನಪು ಅಲ್ಲಿನ ಹಿರಿಯರಲ್ಲಿದೆ. ಅದು ಎಷ್ಟೋ ಸಲ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಸಿದ್ಧ ಮಾರ್ಗವೇ ಇಲ್ಲದಿದ್ದರೆ ತಾತ್ಕಾಲಿಕವಾಗಿ ಏನು ಮಾಡಲು ಸಾಧ್ಯ?

2010ರ ಜನವರಿ 4ರಂದು ಹುಂಜಾ ಕಣಿವೆಯ ಅತ್ತಾಬಾದ್‌ನಲ್ಲಿ ಗುಡ್ಡವೊಂದು ಕುಸಿದು ನದಿಗೆ ಅಡ್ಡಬಿತ್ತು. ಹಿಂದೆ ನೀರು ತುಂಬಿ ಸರೋವರವಾಯಿತು, ಕಾರಕೋರಂ ಹೆದ್ದಾರಿಯ 20ಕ್ಕೂ ಹೆಚ್ಚು ಕಿ.ಮೀ. ಮುಳುಗಿತು. ಐದು ವರ್ಷಕ್ಕೂ ಹೆಚ್ಚು ಕಾಲ ಚೀನಾ ಮತ್ತು ಪಾಕಿಸ್ತಾನದ ನಡುವಿನ ಸರಕು ಮರದ ದೋಣಿಗಳಲ್ಲಿ ಸಾಗಿತು: ಒಂದು ದಡದಲ್ಲಿ ಲಾರಿಯಿಂದ ಮೂಟೆ ಇಳಿಸಿ ಹೆಗಲ ಮೇಲೆ ದೋಣಿಗೆ, ಇನ್ನೊಂದು ದಡದಲ್ಲಿ ಮತ್ತೆ ಹೆಗಲ ಮೇಲೆ ಲಾರಿಗೆ. ಹೊಸ ಸುರಂಗಗಳ ಮೂಲಕ ರಸ್ತೆ ತೆರೆದದ್ದು 2015ರ ಸೆಪ್ಟೆಂಬರಿನಲ್ಲಿ. ತಾತ್ಕಾಲಿಕ ವ್ಯವಸ್ಥೆ ಎಂದು ಶುರುವಾದದ್ದು ಎಷ್ಟು ವರ್ಷ ಉಳಿಯಬಹುದು ಎಂಬುದಕ್ಕೆ ಇದು ಸಾಕ್ಷಿ. ಆದ್ದರಿಂದ ತುರ್ತು ವರ್ಗಾವಣೆಯ ಜಾಗಗಳನ್ನೂ ಕೂಲಿ, ವಿಮೆ, ಸುರಕ್ಷತೆಯ ನಿಯಮಗಳೊಂದಿಗೆ ಯೋಜನೆಯಲ್ಲಿ ಸೇರಿಸಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು.

ಸಂಚಾರವನ್ನು ಯಾವಾಗ ತಿರುಗಿಸಬೇಕೆಂದು ಯಾರು ತೀರ್ಮಾನಿಸುತ್ತಾರೆ?

ಒಬ್ಬ ಅಧಿಕಾರಿ, ಮೊದಲೇ ಹೆಸರಿಸಿದವರು, ಮತ್ತು ಗೈರುಹಾಜರಿಯಲ್ಲಿ ಅವರ ಬದಲಿಗೆ ಇನ್ನೊಬ್ಬರು. ಇಷ್ಟು ಗಂಟೆಗಿಂತ ಹೆಚ್ಚು ಮುಚ್ಚುವ ಸಂಭವವಿದ್ದರೆ, ಸಾಲು ಇಷ್ಟು ದಾಟಿದರೆ, ಹಿಮಕುಸಿತದ ಎಚ್ಚರಿಕೆ ಇಂಥ ಮಟ್ಟಕ್ಕೆ ಬಂದರೆ ಎಂದು ಮಿತಿಗಳನ್ನು ಅಂಕಿಗಳಲ್ಲಿ ಬರೆದಿರಬೇಕು, ಎದುರಿನ ದೇಶದ ಅಧಿಕಾರಿಯ ಕೈಯಲ್ಲೂ ಅದೇ ಹಾಳೆ ಇರಬೇಕು.

ಯೋಜನೆ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ವರ್ಷಕ್ಕೆ ಒಮ್ಮೆಯಾದರೂ, ಮುಖ್ಯ ಮಾರ್ಗ ತೆರೆದಿರುವಾಗಲೇ, ನಿಜವಾದ ಸರಕು ತುಂಬಿದ ಹತ್ತು ಲಾರಿಗಳನ್ನು ಪರ್ಯಾಯ ಮಾರ್ಗದಲ್ಲಿ ಗಡಿಯಾಚೆಯ ಗೋದಾಮಿನ ತನಕ ಕಳುಹಿಸಬೇಕು. ಮುಂಚಿತವಾಗಿ ಫೋನ್ ಮಾಡಿ ದಾರಿ ಸುಗಮಗೊಳಿಸಬಾರದು. ಪ್ರತಿ ಲಾರಿಯಲ್ಲೂ ಒಬ್ಬರು ಕೂತು, ಎಲ್ಲಿ ಎಷ್ಟು ನಿಮಿಷ ನಿಂತಿತು, ಯಾಕೆ ನಿಂತಿತು, ಯಾವ ಕಾಗದ ಕೇಳಿದರು, ಯಾವ ತಿರುವಿನಲ್ಲಿ ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ಹೋಗಬೇಕಾಯಿತು ಎಂದು ಬರೆದುಕೊಳ್ಳಬೇಕು. ಹತ್ತರಲ್ಲಿ ಒಂಬತ್ತು ತಲುಪಿದವು ಎಂದು ಸಮಾಧಾನಪಡದೆ, ತಲುಪದ ಹತ್ತನೆಯ ಲಾರಿಯ ಚಾಲಕನನ್ನು ಮೊದಲು ಮಾತಾಡಿಸಿ, ಅವನು ಹೇಳಿದ್ದನ್ನು ಮುಂದಿನ ಹಿಮ ಬೀಳುವ ಮೊದಲೇ ಸರಿಪಡಿಸಬೇಕು.